ಬೊಲ್ಜಾನೊ, ಮೆರಾನೊ, ಬ್ರಿಕ್ಸನ್, ಬ್ರೂನೆಕ್: ದಕ್ಷಿಣ ಟಿರೋಲ್‌ನಲ್ಲಿ ನೆಲೆಸಲು ಯಾವ ಊರು?

ಇಟಲಿಯ ಉತ್ತರ ತುದಿಯ ದಕ್ಷಿಣ ಟಿರೋಲ್‌ನಲ್ಲಿ ಕೆಲಸ ಸಿಕ್ಕವರು ಮೊದಲು ವಿಚಾರಿಸುವುದು ಬಾಡಿಗೆ, ಆಮೇಲೆ ಚಳಿ. ಇವೆರಡಕ್ಕಿಂತ ಮುಂಚೆ ಮನೆಯವರೆಲ್ಲ ಕೂತು ಮಾತಾಡಬೇಕಾದದ್ದು ಇನ್ನೊಂದಿದೆ: ಯಾರು ಯಾವ ಭಾಷೆ ಮೊದಲು ಕಲಿಯುವುದು? ಜರ್ಮನ್ನೋ ಇಟಾಲಿಯನ್ನೋ ಎಂಬುದು ತೀರ್ಮಾನವಾದರೆ ಊರಿನ ಆಯ್ಕೆ ಮುಕ್ಕಾಲು ಪಾಲು ಮುಗಿದ ಹಾಗೆ. ಊರು ಮೊದಲು ಹಿಡಿದು ಭಾಷೆಯನ್ನು ಆಮೇಲೆ ನೋಡಿಕೊಳ್ಳೋಣ ಎಂದವರೇ ಎರಡು ವರ್ಷ ಕಳೆಯುವುದರೊಳಗೆ ಮತ್ತೆ ಮನೆ ಬದಲಿಸುವುದು.

ಮೊದಲ ಮಹಾಯುದ್ಧದವರೆಗೆ ಆಸ್ಟ್ರಿಯಾದಲ್ಲಿದ್ದ ಈ ಪ್ರದೇಶ ಈಗ ಇಟಲಿಯ ಸ್ವಾಯತ್ತ ಪ್ರಾಂತ್ಯ. 1972ರ ಸ್ವಾಯತ್ತತಾ ಶಾಸನದ ಮೇಲೆ ಇಲ್ಲಿನ ಆಡಳಿತ ನಿಂತಿದೆ. 2011ರ ಗಣತಿಯಂತೆ ಜರ್ಮನ್ ಗುಂಪಿಗೆ ಸೇರಿದವರು ಶೇ 69.4, ಇಟಾಲಿಯನ್ ಶೇ 26, ಕೆಲವು ಕಣಿವೆಗಳಲ್ಲಷ್ಟೇ ಉಳಿದಿರುವ ಲದೀನ್ ಭಾಷೆಯವರು ಶೇ 4.5. ಆದರೆ ಈ ಸರಾಸರಿ ಯಾವ ಊರಿಗೂ ಹೊಂದುವುದಿಲ್ಲ. ಬೊಲ್ಜಾನೊ ನಗರದಲ್ಲಿ ಶೇ 74ರಷ್ಟು ಇಟಾಲಿಯನ್ನರು. ಮೆರಾನೊ ಸರಿಸುಮಾರು ಅರ್ಧಕ್ಕರ್ಧ. ಬ್ರಿಕ್ಸನ್‌ನಲ್ಲಿ ನಾಲ್ಕರಲ್ಲಿ ಮೂರು ಪಾಲಿನಷ್ಟು ಜರ್ಮನ್. ಬ್ರೂನೆಕ್‌ನಲ್ಲಿ ಶೇ 80ಕ್ಕೂ ಹೆಚ್ಚು.

ಬೋರ್ಡುಗಳೆಲ್ಲ ಎರಡು ಭಾಷೆಯಲ್ಲಿವೆ, ನಿಜ. ಅದನ್ನು ನೋಡಿ ಜನರೆಲ್ಲ ಎರಡನ್ನೂ ಬೆರೆಸಿಕೊಂಡು ಬದುಕುತ್ತಾರೆ ಅಂದುಕೊಳ್ಳಬೇಡಿ. ಇಲ್ಲಿರುವುದು ಅಕ್ಕಪಕ್ಕ ನಡೆಯುವ ಎರಡು ಏಕಭಾಷಾ ಲೋಕಗಳು. ಶಿಶುವಿಹಾರ, ಶಾಲೆ, ಪತ್ರಿಕೆ, ಎಷ್ಟೋ ಕಡೆ ಕ್ರೀಡಾ ಕ್ಲಬ್ ಕೂಡ ಬೇರೆಬೇರೆ. ಹೊರಗಿನಿಂದ ಬಂದವರು ಒಂದು ಬಾಗಿಲಿನಿಂದಲೇ ಒಳಗೆ ಹೋಗಬೇಕು.

ಮಕ್ಕಳಿದ್ದರೆ ಶಾಲೆಯಿಂದ ಶುರುಮಾಡಿ

ಸ್ವಾಯತ್ತತಾ ಶಾಸನದ 19ನೇ ವಿಧಿ ಮಾತೃಭಾಷೆಯಲ್ಲೇ ಪಾಠ ನಡೆಯಬೇಕು ಎನ್ನುತ್ತದೆ. ಹಾಗಾಗಿ ಜರ್ಮನ್ ಶಾಲೆಯಲ್ಲಿ ಗಣಿತ, ವಿಜ್ಞಾನ, ಇತಿಹಾಸ ಎಲ್ಲವೂ ಜರ್ಮನ್‌ನಲ್ಲಿ. ಇಟಾಲಿಯನ್ ಕಡ್ಡಾಯ ಎರಡನೇ ಭಾಷೆ ಮಾತ್ರ. ಇಟಾಲಿಯನ್ ಶಾಲೆಯಲ್ಲಿ ಇದರ ತಿರುಗುಮುರುಗು. ಎರಡೂ ಭಾಷೆ ಸಮಸಮವಾಗಿ ಕಲಿಸುವ ಸರ್ಕಾರಿ ಶಾಲೆ ಬೇಕೆಂದರೆ ಲದೀನ್ ಕಣಿವೆಗಳಾದ ಗಾರ್ದೇನಾ, ಬಾದಿಯಾಗಳಿಗೇ ಹೋಗಬೇಕು. ಅಲ್ಲಿ ಪಾಠ ಅರ್ಧ ಜರ್ಮನ್, ಅರ್ಧ ಇಟಾಲಿಯನ್, ಜೊತೆಗೆ ವಾರಕ್ಕೆ ಕೆಲವು ಗಂಟೆ ಲದೀನ್. ಕೇಳಲು ಸೊಗಸು. ಆದರೆ ಆ ಕಣಿವೆಗಳಲ್ಲಿ ಪ್ರವಾಸೋದ್ಯಮ ಬಿಟ್ಟರೆ ಕೆಲಸ ಕಡಿಮೆ, ಸ್ಕೀ ಪ್ರವಾಸಿಗರ ದೆಸೆಯಿಂದ ವರ್ಷಪೂರ್ತಿ ಬಾಡಿಗೆಗೆ ಮನೆ ಸಿಗುವುದು ಅದಕ್ಕಿಂತ ಕಡಿಮೆ.

ಯಾವ ಶಾಲೆ ಎಂಬುದು ಪೋಷಕರ ಆಯ್ಕೆ. ಆರು ತುಂಬದ ಮಗುವಾದರೆ ನಾಲ್ಕೂ ಊರುಗಳಲ್ಲಿ ಜರ್ಮನ್ ಶಿಶುವಿಹಾರಕ್ಕೆ ಹಾಕುವುದು ಜಾಣತನ. ಬೊಲ್ಜಾನೊ, ಮೆರಾನೊಗಳಲ್ಲಿ ಇಟಾಲಿಯನ್ನು ಆಟದ ಮೈದಾನದಲ್ಲೇ ಬಂದುಬಿಡುತ್ತದೆ. ಜರ್ಮನ್ ಹಾಗೆ ತಾನಾಗಿ ಬರುವುದಿಲ್ಲ. ಬೊಲ್ಜಾನೊದಲ್ಲಿ ಎಷ್ಟೋ ಇಟಾಲಿಯನ್ ಕುಟುಂಬಗಳೂ ಇದೇ ಲೆಕ್ಕ ಹಾಕುತ್ತವೆ. ಹಾಗಾಗಿ ನಗರದ ಕೆಲವು ಜರ್ಮನ್ ಶಾಲೆಗಳಲ್ಲಿ ಮನೆಯಲ್ಲಿ ಜರ್ಮನ್ ಆಡದ ಮಕ್ಕಳದ್ದೇ ದೊಡ್ಡ ಪಾಲು. ಇದು ರಾಜಕೀಯವೂ ಹೌದು: 2024ರಲ್ಲಿ ಬೊಲ್ಜಾನೊದ ಗೋಯ್ಟೆ ಪ್ರಾಥಮಿಕ ಶಾಲೆಯಲ್ಲಿ ಜರ್ಮನ್ ಬಾರದ ಮಕ್ಕಳಿಗೆಂದು ಪ್ರತ್ಯೇಕ ತರಗತಿ ತೆರೆಯಲು ಹೊರಟಾಗ ಗದ್ದಲವೆದ್ದು ಅದನ್ನು ಕೈಬಿಡಬೇಕಾಯಿತು. ನಿಮ್ಮ ಮಗು ಜರ್ಮನ್ ಶಾಲೆಯಲ್ಲಿದ್ದೂ ಬಿಡುವಿನಲ್ಲಿ ಇಟಾಲಿಯನ್ನೇ ಆಡುವ ಸಾಧ್ಯತೆ ಬೊಲ್ಜಾನೊದಲ್ಲಿ ಹೆಚ್ಚು. ಬ್ರೂನೆಕ್‌ನಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಹನ್ನೆರಡು ದಾಟಿದ ಮಕ್ಕಳ ವಿಷಯವೇ ಬೇರೆ. ಐದು ವರ್ಷ ಪ್ರಾಥಮಿಕ, ಮೂರು ವರ್ಷ ಮಾಧ್ಯಮಿಕ ಮುಗಿಸಿ ಎಂಟನೇ ತರಗತಿಯ ಕೊನೆಗೆ ರಾಜ್ಯ ಪರೀಕ್ಷೆ ಬರೆಯಬೇಕು, ಅದರ ಮೇಲೆ ಯಾವ ಬಗೆಯ ಪ್ರೌಢಶಾಲೆ ಎಂಬ ಆಯ್ಕೆ. ಏಳನೇ ತರಗತಿಯ ಮಧ್ಯದಲ್ಲಿ ಬಂದಿಳಿದ ಮಗುವಿಗೆ ಒಂದೂವರೆ ವರ್ಷದಲ್ಲಿ ಪರೀಕ್ಷೆಗೆ ಬೇಕಾಗುವ ಭಾಷೆ ಬರಬೇಕು. ಇಲ್ಲಿ ಆದರ್ಶ ಬೇಡ: ತಂದೆತಾಯಿಗಳಲ್ಲಿ ಒಬ್ಬರಾದರೂ ಯಾವ ಭಾಷೆ ಕಲಿಯುತ್ತಿದ್ದೀರೋ ಅದೇ ಶಾಲೆಗೆ ಹಾಕಿ, ಹೋಮ್‌ವರ್ಕಿಗೆ ಕೂರಲಾದರೂ ಆದೀತು. ಹೊಸದಾಗಿ ಬಂದ ಮಕ್ಕಳಿಗೆ ಭಾಷೆ ಕಲಿಸಲು ಪ್ರಾಂತ್ಯದ ಭಾಷಾ ಕೇಂದ್ರಗಳಿವೆ. ಹೆಸರು ಹಚ್ಚುವಾಗಲೇ ಶಾಲೆಯಲ್ಲಿ ಇದರ ಬಗ್ಗೆ ಕೇಳಿ, ಅವರಾಗಿ ಹೇಳುತ್ತಾರೆಂದು ಕಾಯಬೇಡಿ. ಮುಂದಿನ ವರ್ಷದ ದಾಖಲಾತಿ ಸಾಮಾನ್ಯವಾಗಿ ಜನವರಿಯ ಸುಮಾರಿಗೆ ನಡೆಯುತ್ತದೆ. ಶಾಲೆ ಮಧ್ಯಾಹ್ನ ಒಂದರ ಆಸುಪಾಸಿಗೆ ಬಿಡುತ್ತದೆ, ವಾರದಲ್ಲಿ ಒಂದೆರಡು ದಿನ ಮಾತ್ರ ಮಧ್ಯಾಹ್ನವೂ ಇರುತ್ತದೆ. ಇಬ್ಬರೂ ಪೂರ್ತಿ ದಿನ ದುಡಿಯುವವರಾದರೆ ಊಟದ ವ್ಯವಸ್ಥೆ ಇರುವ ಶಾಲೆ ಯಾವುದೆಂದು ಮೊದಲು ನೋಡಿ, ಮನೆಯನ್ನು ಆಮೇಲೆ ಹುಡುಕಿ.

ಕೆಲಸಕ್ಕೊಂದು ಭಾಷೆ, ಕಾಗದಕ್ಕೊಂದು ಭಾಷೆ

ದೊಡ್ಡವರ ವಿಷಯದಲ್ಲಿ ಎಡವುವುದು ಇಲ್ಲಿಯೇ. ನೀವು ಯಾವ ಊರಲ್ಲಿದ್ದರೂ ವಾಸದ ಪರವಾನಗಿ ಕೊಡುವುದು ಇಟಲಿ ಸರ್ಕಾರ. ಮೊದಲ ಪರವಾನಗಿಯ ಜೊತೆ ಸಹಿ ಹಾಕುವ ಏಕೀಕರಣ ಒಪ್ಪಂದದಂತೆ ಎರಡು ವರ್ಷದಲ್ಲಿ 30 ಅಂಕ ಗಳಿಸಬೇಕು. 16 ಅಂಕ ಸಹಿ ಹಾಕಿದ ದಿನವೇ ಖಾತೆಗೆ ಬರುತ್ತವೆ, ಉಳಿದವನ್ನು ಗಳಿಸಲು ಎ2 ಮಟ್ಟದ ಇಟಾಲಿಯನ್ ಮುಖ್ಯ ದಾರಿ (ಭಾಷಾ ಜ್ಞಾನ ಅಳೆಯುವ ಯುರೋಪಿನ ಮಾಪಕ ಎ1ರಿಂದ ಸಿ2ರವರೆಗೆ ಆರು ಹಂತದ್ದು, ಎ2 ಕೆಳಗಿನಿಂದ ಎರಡನೆಯದು). ಐದು ವರ್ಷದ ಬಳಿಕ ದೀರ್ಘಾವಧಿ ಪರವಾನಗಿಗೂ ಎ2 ಬೇಕು. ಹತ್ತು ವರ್ಷದ ಬಳಿಕ ಪೌರತ್ವಕ್ಕೆ ಬಿ1 ಇಟಾಲಿಯನ್, 2018ರ ಕೊನೆಯಿಂದ ಇದು ನಿಯಮ. ಅಂದರೆ ಬ್ರೂನೆಕ್‌ನಲ್ಲಿ ದಿನವಿಡೀ ಜರ್ಮನ್ ಆಡಿಕೊಂಡಿದ್ದವರೂ ಸಂಜೆ ಇಟಾಲಿಯನ್ ತರಗತಿಗೆ ಹೋಗಲೇಬೇಕು. ಬೊಲ್ಜಾನೊದವರಿಗೆ ಈ ಹೊರೆ ಒಂದೇ ಭಾಷೆಯಲ್ಲಿ ಮುಗಿಯುತ್ತದೆ, ಕನಿಷ್ಠ ಮೊದಲ ಕೆಲವು ವರ್ಷ.

ಕೆಲಸದ ಲೆಕ್ಕ ಇನ್ನೊಂದು. ಸರ್ಕಾರಿ ಹುದ್ದೆ, ಆಸ್ಪತ್ರೆ, ನಗರಸಭೆ ಎಲ್ಲದಕ್ಕೂ ದ್ವಿಭಾಷಾ ಪ್ರಮಾಣಪತ್ರ ಬೇಕು. ಇಟಾಲಿಯನ್ನರ ಬಾಯಲ್ಲಿ ಇದು ‘ಪತೆಂತೀನೊ’. ಎ2ರಿಂದ ಸಿ1ರವರೆಗೆ ನಾಲ್ಕು ಮಟ್ಟ, ಎರಡೂ ಭಾಷೆಯಲ್ಲಿ ಪರೀಕ್ಷೆ. ಮಾನ್ಯತೆ ಪಡೆದ ಬೇರೆ ಪ್ರಮಾಣಪತ್ರಗಳನ್ನು, ಜರ್ಮನ್‌ಗೊಂದು ಇಟಾಲಿಯನ್‌ಗೊಂದು, ಜೋಡಿಸಿ ಕೊಟ್ಟರೂ ಸಮಾನವೆಂದು ಒಪ್ಪುತ್ತಾರೆ. ಬೆಂಗಳೂರಿನ ಗೋಯ್ಟೆ ಇನ್‌ಸ್ಟಿಟ್ಯೂಟ್‌ನಲ್ಲಿ ಬರೆದ ಪರೀಕ್ಷೆ ಇಲ್ಲಿ ಉಪಯೋಗಕ್ಕೆ ಬರುವುದು ಹೀಗೆ; ಹೊರಡುವ ಮುಂಚೆ ಬಿ1 ಮುಗಿಸಿದ್ದರೆ ಅರ್ಧ ದಾರಿ ಬಂದಂತೆ. ಇದರ ಮೇಲೆ ಸರ್ಕಾರಿ ಹುದ್ದೆಗಳನ್ನು ಭಾಷಾ ಗುಂಪುಗಳ ಪ್ರಮಾಣಕ್ಕೆ ತಕ್ಕಂತೆ ಹಂಚುವ ‘ಪ್ರೊಪೋರ್ಟ್ಸ್’ ಪದ್ಧತಿಯೂ ಇದೆ. ಖಾಸಗಿ ಕಂಪನಿಗಳಿಗೆ ಇದಾವುದೂ ಇಲ್ಲ.

ಜರ್ಮನ್ ಎಂದರೆ ಪುಸ್ತಕದ ಜರ್ಮನ್ ಎಂದುಕೊಂಡು ಬಂದವರು ಬ್ರೂನೆಕ್‌ನ ಕ್ಯಾಂಟೀನಿನಲ್ಲಿ ಕೂತರೆ, ಪಠ್ಯಪುಸ್ತಕದಿಂದ ಕನ್ನಡ ಕಲಿತವರು ಕುಂದಾಪುರದ ಮೀನು ಮಾರುಕಟ್ಟೆಯಲ್ಲಿ ನಿಂತ ಹಾಗಾಗುತ್ತದೆ. ನಿಮ್ಮತ್ತ ತಿರುಗಿದಾಗ ಶಿಷ್ಟ ಜರ್ಮನ್‌ಗೆ ಬರುತ್ತಾರೆ, ತಮ್ಮತಮ್ಮಲ್ಲಿ ಟಿರೋಲಿನ ಆಡುಮಾತು. ಇದಕ್ಕೆ ಕೋರ್ಸ್ ಇಲ್ಲ, ಕಿವಿ ಪಳಗಬೇಕು ಅಷ್ಟೆ. ಮಾತಿನ ಅಭ್ಯಾಸಕ್ಕೆ ಬೊಲ್ಜಾನೊದ ಟ್ರೇವಿ ಕೇಂದ್ರದಲ್ಲಿ, ಮೆರಾನೊದ ಬಹುಭಾಷಾ ಮಾಧ್ಯಮ ಗ್ರಂಥಾಲಯದಲ್ಲಿ ವ್ಯವಸ್ಥೆ ಚೆನ್ನಾಗಿದೆ. ಸ್ಥಳೀಯ ಸ್ವಯಂಸೇವಕರ ಜೊತೆ ಕೂತು ಮಾತಾಡುವ ಯೋಜನೆಯೂ ಇದೆ.

ನಾಲ್ಕೂ ಊರಿಗೆ ಸಮಾನವಾದ ಕಾಗದಪತ್ರ

ಕರ್ನಾಟಕದವರಿಗೆ ಇಲ್ಲಿ ಅತಿ ಹೆಚ್ಚು ತೊಂದರೆ ಕೊಡುವುದು ಹೆಸರು. ಇಟಲಿಯಲ್ಲಿ ಬ್ಯಾಂಕ್ ಖಾತೆ, ಬಾಡಿಗೆ, ಸಿಮ್, ಸಂಬಳ ಎಲ್ಲಕ್ಕೂ ಬೇಕಾದ ತೆರಿಗೆ ಸಂಕೇತ ‘ಕೋದಿಚೆ ಫಿಸ್ಕಾಲೆ’ 16 ಅಕ್ಷರ-ಅಂಕಿಗಳದ್ದು, ಹೆಸರಿನಿಂದಲೇ ಹುಟ್ಟುವಂಥದ್ದು. ಕುಲನಾಮ ಹೆಗ್ಡೆ, ಹೆಸರು ಸುಮಾ, ಹುಟ್ಟಿದ್ದು 12 ಮೇ 1990 ಎಂದುಕೊಳ್ಳಿ. ಕುಲನಾಮದ ಮೂರು ವ್ಯಂಜನ ಎಚ್‌ಜಿಡಿ; ಹೆಸರಿನಲ್ಲಿ ಎರಡೇ ವ್ಯಂಜನವಿರುವುದರಿಂದ ಒಂದು ಸ್ವರ ಸೇರಿ ಎಸ್‌ಎಂಯು; ವರ್ಷ 90; ಮೇ ತಿಂಗಳಿಗೆ ಇ; ಮಹಿಳೆಯರಿಗೆ ದಿನಾಂಕಕ್ಕೆ 40 ಕೂಡಿಸಿ 52; ಭಾರತಕ್ಕೆ ಝಡ್222; ಕೊನೆಗೊಂದು ತಾಳೆ ನೋಡುವ ಅಕ್ಷರ. ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗ ಖಾಲಿ ಇದ್ದು, ಹೆಸರು ಅಪ್ಪನ ಹೆಸರು ಎರಡೂ ಒಂದೇ ಸಾಲಿನಲ್ಲಿದ್ದರೆ ಒಂದು ಕಚೇರಿ ಒಂದು ರೀತಿ ಒಡೆಯುತ್ತದೆ, ಇನ್ನೊಂದು ಇನ್ನೊಂದು ರೀತಿ. ಫಲ: ಒಬ್ಬ ವ್ಯಕ್ತಿಗೆ ಎರಡು ಸಂಕೇತ, ಸಂಬಳ ಒಂದರಲ್ಲಿ, ಆರೋಗ್ಯ ಕಾರ್ಡ್ ಇನ್ನೊಂದರಲ್ಲಿ. ಊರು ಬಿಡುವ ಮುಂಚೆಯೇ ಪಾಸ್‌ಪೋರ್ಟ್ ಮರುವಿತರಣೆಗೆ ಹಾಕಿ ಕುಲನಾಮ ತುಂಬಿಸಿಕೊಳ್ಳಿ. ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಪೂರ್ತಿ ಹೆಸರು ಇದ್ದರೆ ಇಬ್ಬರೂ ಒಬ್ಬರೇ ಎಂಬ ಪ್ರಮಾಣಪತ್ರ ಜೊತೆಗಿರಲಿ. ಆಮೇಲೆ ಸರಿಪಡಿಸಬೇಕೆಂದರೆ ಮಿಲಾನ್‌ನಲ್ಲಿರುವ ಭಾರತದ ಕಾನ್ಸುಲೇಟಿಗೆ ಓಡಾಡಬೇಕು.

ಜನನ, ವಿವಾಹ, ಪದವಿ ಪ್ರಮಾಣಪತ್ರಗಳಿಗೆ ಮೊದಲು ಅಪೋಸ್ಟಿಲ್ (ದಾಖಲೆ ವಿದೇಶದಲ್ಲೂ ನಡೆಯುವಂತೆ ಹಾಕುವ ಸರ್ಕಾರಿ ಮುದ್ರೆ), ಆಮೇಲೆ ಅನುವಾದ. ಈ ಕ್ರಮ ತಪ್ಪಿದರೆ ಅಪೋಸ್ಟಿಲ್ ಮುದ್ರೆಯೇ ಅನುವಾದವಾಗದೆ ಉಳಿದು ಕಡತ ವಾಪಸು ಬರುತ್ತದೆ. ಪ್ರಾಂತ್ಯದ ಕಚೇರಿಗಳಲ್ಲಿ ಜರ್ಮನ್ ನಡೆದರೂ ಅನುವಾದ ಇಟಾಲಿಯನ್‌ಗೇ ಮಾಡಿಸಿ. ನಾಳೆ ವೆರೋನಾಗೋ ಮಿಲಾನ್‌ಗೋ ಹೋದರೆ ಮತ್ತೆ ಖರ್ಚಿಲ್ಲ.

ಇಟಲಿಗೆ ಕಾಲಿಟ್ಟ 8 ಕೆಲಸದ ದಿನಗಳೊಳಗೆ ವಾಸದ ಪರವಾನಗಿಗೆ ಅರ್ಜಿ ಹೋಗಬೇಕು. ಅರ್ಜಿಯ ನಮೂನೆಗಳಿರುವ ಅಂಚೆ ಕಚೇರಿಯ ಕಿಟ್ ತುಂಬಿಸಲು ‘ಪತ್ರೊನಾತೊ’ ಎಂಬ ಕಾರ್ಮಿಕ ನೆರವು ಕಚೇರಿಗಳು ಸಹಾಯ ಮಾಡುತ್ತವೆ. ಖರ್ಚು: 16 ಯೂರೋ ಸ್ಟಾಂಪು, 30 ಯೂರೋ ಅಂಚೆಗೆ, 30.46 ಕಾರ್ಡಿಗೆ, ಅದರ ಮೇಲೆ ಪರವಾನಗಿಯ ಅವಧಿ ನೋಡಿ 40ರಿಂದ 100. ಕಾರ್ಡ್ ಬರಲು ತಿಂಗಳುಗಳೇ ಹಿಡಿಯುತ್ತವೆ, ಅಲ್ಲಿಯವರೆಗೆ ಅಂಚೆಯ ರಸೀದಿಯೇ ಆಧಾರ. ಆ ರಸೀದಿಯ ಮೇಲೆ ಊರಿಗೆ ಹೋಗಿ ಬರಬಹುದು, ಆದರೆ ಬೇರೆ ಷೆಂಗೆನ್ ದೇಶದ (ಒಳಗಡಿ ತಪಾಸಣೆ ತೆಗೆದುಹಾಕಿದ ಯುರೋಪಿನ ಒಕ್ಕೂಟದ ದೇಶ) ಮೂಲಕ ಹಾದುಹೋಗುವಂತಿಲ್ಲ. ಬೆಂಗಳೂರಿಗೆ ಮ್ಯೂನಿಕ್‌ನಿಂದ ಲುಫ್ತಾನ್ಸಾದ ನೇರ ವಿಮಾನ 2023ರ ನವೆಂಬರಿನಲ್ಲಿ ಶುರುವಾಗಿ ಈ ಕಡೆಯವರಿಗೆ ಅನುಕೂಲವಾಯಿತು; ವೀಸಾ ಅವಧಿ ಮುಗಿದು ಕೈಯಲ್ಲಿ ರಸೀದಿ ಮಾತ್ರ ಇರುವವರು ಅದನ್ನು ಬುಕ್ ಮಾಡಬಾರದು. ಮಿಲಾನ್‌ನಿಂದ ಕೊಲ್ಲಿ ದೇಶಗಳ ಮೂಲಕ ಹೋಗಿ.

ನೌಕರಿ ಇದ್ದವರಿಗೆ ಪ್ರಾಂತ್ಯದ ಆರೋಗ್ಯ ಸೇವೆಯಲ್ಲಿ ಹೆಸರು ಹಚ್ಚುವುದು ಉಚಿತ. ವಿದ್ಯಾರ್ಥಿಗಳಿಗೆ 2024ರಿಂದ ವರ್ಷಕ್ಕೆ 700 ಯೂರೋ. ಭಾರತದ ಡ್ರೈವಿಂಗ್ ಲೈಸೆನ್ಸ್ ನಗರಸಭೆಯಲ್ಲಿ ವಾಸ ನೋಂದಣಿಯಾದ ದಿನದಿಂದ ಒಂದು ವರ್ಷ ನಡೆಯುತ್ತದೆ. ಎರಡು ದೇಶಗಳ ನಡುವೆ ಬದಲಾವಣೆಯ ಒಪ್ಪಂದವಿಲ್ಲ, ಹಾಗಾಗಿ ಮೊದಲಿನಿಂದ ಪರೀಕ್ಷೆ: 30 ಸರಿ-ತಪ್ಪು ಪ್ರಶ್ನೆ, 20 ನಿಮಿಷ, ಮೂರಕ್ಕಿಂತ ಹೆಚ್ಚು ತಪ್ಪಿದರೆ ನಪಾಸು. ಇಂಗ್ಲಿಷ್‌ನಲ್ಲಿ ಇಲ್ಲ, ಇಟಾಲಿಯನ್ ಅಥವಾ ಜರ್ಮನ್. ಹನ್ನೊಂದನೇ ತಿಂಗಳಲ್ಲಿ ಎಚ್ಚರಾದರೆ ತಡವಾಯಿತು. ಬೆಂಗಳೂರಿನ ಎಫ್‌ಡಿ, ಸೈಟು, ಫ್ಲ್ಯಾಟು ಎಲ್ಲವನ್ನೂ ಇಟಲಿಯ ತೆರಿಗೆ ವಿವರದಲ್ಲಿ ವಿದೇಶಿ ಆಸ್ತಿಗೆಂದಿರುವ ಆರ್‌ಡಬ್ಲ್ಯು ಭಾಗದಲ್ಲಿ ತೋರಿಸಬೇಕು ಎಂಬುದೂ ಬಹಳ ಜನಕ್ಕೆ ದಂಡ ಕಟ್ಟುವಾಗಲೇ ತಿಳಿಯುವುದು.

ಈಗ ಊರುಗಳು

ಬೊಲ್ಜಾನೊ, ಒಂದು ಲಕ್ಷ ದಾಟಿದ ಜನಸಂಖ್ಯೆ, 262 ಮೀಟರ್ ಎತ್ತರ. ಆಲ್ಪ್ಸ್ ಎಂದು ಉಣ್ಣೆ ಬಟ್ಟೆ ಹೊತ್ತು ಬಂದವರಿಗೆ ಜುಲೈನಲ್ಲಿ ಬೆವರು ಕಿತ್ತುಬರುತ್ತದೆ. ಬಟ್ಟಲಿನಂಥ ಕಣಿವೆಯಾದ್ದರಿಂದ 35 ಡಿಗ್ರಿ ದಾಟುವುದು ಹೊಸದಲ್ಲ. ಇಂಗ್ಲಿಷ್ ಒಂದರಿಂದಲೇ ಮೊದಲ ವರ್ಷ ದಬ್ಬಬಹುದಾದ ಊರು ಇದೊಂದೇ: 1992ರಿಂದ ಇರುವ ಯೂರಾಕ್ ಸಂಶೋಧನಾ ಕೇಂದ್ರ, 1997ರಲ್ಲಿ ಶುರುವಾದ ತ್ರಿಭಾಷಾ ವಿಶ್ವವಿದ್ಯಾಲಯ, 2017ರಲ್ಲಿ ತೆರೆದ ನೋಯ್ ಟೆಕ್‌ಪಾರ್ಕ್ ಇಲ್ಲಿವೆ. ತೊಗರಿಬೇಳೆ, ಹುಣಸೆ, ಅಕ್ಕಿ ಸಿಗುವ ದಕ್ಷಿಣ ಏಷ್ಯಾದ ಅಂಗಡಿಗಳೂ ಇಲ್ಲೇ. ಕೆಟ್ಟದ್ದೆಂದರೆ ಮನೆ. ಇಟಲಿಯ ಅತಿ ದುಬಾರಿ ನಗರಗಳ ಸಾಲಿನಲ್ಲಿ ಬೊಲ್ಜಾನೊ ಇದೆ, ಮೂರು ತಿಂಗಳ ಮುಂಗಡ ಸಾಮಾನ್ಯ. ದಕ್ಷಿಣಕ್ಕೆ ರೈಲಿನಲ್ಲಿ ಒಂದೇ ಹೆಜ್ಜೆಯ ಲೈಫರ್ಸ್ ಬಾಡಿಗೆಯಲ್ಲಿ ಹಗುರ, ಅಲ್ಲಿಯೂ ಇಟಾಲಿಯನ್ ಬಹುಮತ. ಎಪ್ಪಾನ್, ಕಾಲ್ಟರ್ನ್ ಸುಂದರ, ಜರ್ಮನ್ ಊರುಗಳು, ಆದರೆ ರೈಲಿಲ್ಲ, ಬಸ್ಸೇ ಗತಿ.

ಮನೆ ನೋಡುವಾಗ ಎರಡು ಪ್ರಶ್ನೆ ಬಿಡಬೇಡಿ, ಇದು ಎಲ್ಲ ಊರಿಗೂ ಸಲ್ಲುತ್ತದೆ. ಡಿಸೆಂಬರಿನಲ್ಲಿ ಬಿಸಿಲು ಎಷ್ಟು ಹೊತ್ತಿಗೆ ಬಂದು ಎಷ್ಟು ಹೊತ್ತಿಗೆ ಹೋಗುತ್ತದೆ? ದಕ್ಷಿಣದ ಬೆಟ್ಟದ ಬುಡದಲ್ಲಿರುವ ಬೀದಿಗಳಿಗೆ ಚಳಿಗಾಲದ ವಾರಗಟ್ಟಲೆ ನೇರ ಬಿಸಿಲೇ ಇರುವುದಿಲ್ಲ, ಬೇಸಿಗೆಯಲ್ಲಿ ಮನೆ ನೋಡಿದವರಿಗೆ ಇದು ಹೊಳೆಯದು. ಎರಡನೆಯದು, ಕ್ಲೀಮಾಹೌಸ್ ದರ್ಜೆ ಯಾವುದು? 2002ರಲ್ಲಿ ಇಲ್ಲೇ ಶುರುವಾದ ಈ ಇಂಧನ ಪ್ರಮಾಣಪತ್ರದಲ್ಲಿ ಎ ದರ್ಜೆ ಎಂದರೆ ಚದರ ಮೀಟರಿಗೆ ವರ್ಷಕ್ಕೆ 30 ಯೂನಿಟ್ ಒಳಗೆ, ಬಿ ಎಂದರೆ 50 ಒಳಗೆ. 70 ಚದರ ಮೀಟರಿನ ಎ ದರ್ಜೆಯ ಮನೆ ವರ್ಷಕ್ಕೆ ಹೆಚ್ಚೆಂದರೆ 2,100 ಯೂನಿಟ್ ಶಾಖ ಕೇಳುತ್ತದೆ. 150 ಯೂನಿಟ್ ನುಂಗುವ ಹಳೆಯ ಮನೆ 10,500. ಬಾಡಿಗೆಯಲ್ಲಿ ಉಳಿದದ್ದು ಬಿಸಿ ಮಾಡುವುದಕ್ಕೆ ಹೋಗುತ್ತದೆ. ಕಟ್ಟಡದ ಸಾಮೂಹಿಕ ವೆಚ್ಚ ಬಾಡಿಗೆಯಲ್ಲಿ ಸೇರಿದೆಯೋ ಇಲ್ಲವೋ ಬರೆಸಿಕೊಳ್ಳಿ. ಕರಾರು 30 ದಿನದೊಳಗೆ ನೋಂದಣಿಯಾಗಬೇಕು. ನೋಂದಣಿ ಬೇಡ ಎನ್ನುವ ಮಾಲೀಕರ ಮನೆಯಲ್ಲಿ ನಿಮ್ಮ ವಾಸ ನೋಂದಣಿಗೂ ಕಷ್ಟ.

ಮೆರಾನೊ, 325 ಮೀಟರ್, ನಲವತ್ತು ಸಾವಿರದ ಊರು. ತಾಳೆಮರ, ಬಿಸಿನೀರಿನ ಸ್ನಾನಗೃಹ, ಹಿತವಾದ ಹವೆ. ಮನೆಯಲ್ಲಿ ಒಬ್ಬರು ಜರ್ಮನ್ ಹಿಡಿದು ಇನ್ನೊಬ್ಬರು ಇಟಾಲಿಯನ್ ಹಿಡಿಯುವ ಯೋಚನೆಯಿದ್ದರೆ ಇದಕ್ಕಿಂತ ಒಳ್ಳೆಯ ಊರಿಲ್ಲ, ಎರಡಕ್ಕೂ ಬೀದಿಯಲ್ಲಿ ಬೆಲೆಯಿದೆ. ಉದ್ಯೋಗ ಮಾತ್ರ ಹೋಟೆಲು, ಆರೈಕೆ, ಆಹಾರ ತಯಾರಿಕೆಯ ಕಡೆಗೆ ವಾಲಿದೆ. ತಂತ್ರಜ್ಞಾನದವರು ಬೊಲ್ಜಾನೊಗೆ ದಿನಾ ರೈಲು ಹಿಡಿಯುತ್ತಾರೆ, ಮುಕ್ಕಾಲು ಗಂಟೆಯೊಳಗಿನ ದಾರಿ. ಸುತ್ತಲೂ ಸೇಬಿನ ತೋಟ. ವಸಂತದಲ್ಲಿ ಹೂವಿನ ಜೊತೆ ಔಷಧ ಸಿಂಪಡಣೆಯೂ ಶುರುವಾಗುತ್ತದೆ, ಉಬ್ಬಸ ಇರುವ ಮಗುವಿದ್ದರೆ ತೋಟಕ್ಕೆ ಅಂಟಿದ ಮನೆ ಬೇಡ. ಇದೇ ಕಾರಣಕ್ಕೆ ಮೇಲಿನ ವಿನ್‌ಷ್‌ಗೌ ಕಣಿವೆಯ ಮಾಲ್ಸ್ ಊರಿನವರು 2014ರಲ್ಲಿ ಕೀಟನಾಶಕದ ವಿರುದ್ಧ ಜನಮತ ಚಲಾಯಿಸಿದ್ದರು.

ಬ್ರೂನೆಕ್ 838 ಮೀಟರ್ ಎತ್ತರದಲ್ಲಿದೆ, ಚಳಿ ನಿಜವಾದ ಚಳಿ. ಯಂತ್ರ, ಲೋಹ, ಬಿಡಿಭಾಗಗಳ ಎಂಜಿನಿಯರುಗಳಿಗೆ ಕೆಲಸವಿದೆ: ಜಿಕೆಎನ್, ಇಂಟರ್‌ಕೇಬಲ್ ಇಲ್ಲಿವೆ. ಜರ್ಮನ್‌ನಲ್ಲೇ ಮುಳುಗಿ ಕಲಿಯಬೇಕು ಎಂಬ ಛಲವಿರುವವರಿಗೆ, ಸ್ಕೀ ಹುಚ್ಚಿರುವವರಿಗೆ ಇದು ಸರಿ. 2,275 ಮೀಟರಿನ ಕ್ರೋನ್‌ಪ್ಲಾಟ್ಸ್ ನೆತ್ತಿಯ ಮೇಲೆಯೇ ಇದೆ. ಸಂಗಾತಿಗೆ ಇನ್ನೂ ಕೆಲಸ ಸಿಗದೆ ಮನೆಯಲ್ಲಿದ್ದು, ಇಂಗ್ಲಿಷ್ ಬಿಟ್ಟು ಬೇರೇನೂ ಬಾರದಿದ್ದರೆ ಮೊದಲ ಚಳಿಗಾಲ ಬಹಳ ಒಂಟಿತನದ್ದು. ಈ ಒಂದು ಕಾರಣಕ್ಕೆ ಒಳ್ಳೆಯ ಸಂಬಳ ಬಿಟ್ಟು ಬೊಲ್ಜಾನೊಗೆ ಇಳಿಯುವವರಿದ್ದಾರೆ. ನವೆಂಬರ್ 15ರಿಂದ ಏಪ್ರಿಲ್ 15ರವರೆಗೆ ಚಳಿಗಾಲದ ಟೈರ್ ಬೇಕು. ಸ್ಕೀ ಋತುವಿನ ಶನಿವಾರಗಳಲ್ಲಿ ಪುಸ್ಟರ್ ಕಣಿವೆಯ ರಸ್ತೆಗೆ ಇಳಿಯದಿರುವುದೇ ಕ್ಷೇಮ.

ಬ್ರಿಕ್ಸನ್ ಮಧ್ಯದ್ದು: 559 ಮೀಟರ್, ಇಪ್ಪತ್ತೆರಡು ಸಾವಿರದ ಆಸುಪಾಸು ಜನ, ಹಳೆಯ ಬಿಷಪ್ ಪಟ್ಟಣ. ದೊಡ್ಡ ಮುದ್ರಣ ಯಂತ್ರಗಳ ಡುರ್ಸ್ಟ್ ಇಲ್ಲಿದೆ. ರೋಪ್‌ವೇ ಕಟ್ಟುವ ಲೈಟ್ನರ್ ಉತ್ತರಕ್ಕೆ ಷ್ಟೆರ್ಟ್ಸಿಂಗ್‌ನಲ್ಲಿ. ಜರ್ಮನ್ ಊರೇ ಆದರೂ ಇಟಾಲಿಯನ್ ಕಿವಿಗೆ ಬೀಳುತ್ತಿರುತ್ತದೆ. ಮ್ಯೂನಿಕ್‌ನ ನೇರ ರೈಲು ಇಲ್ಲಿ ನಿಲ್ಲುತ್ತದೆ, ಬೊಲ್ಜಾನೊ ಅರ್ಧ ಗಂಟೆ. ಒಬ್ಬರ ಕೆಲಸ ಬೊಲ್ಜಾನೊದಲ್ಲಿ, ಇನ್ನೊಬ್ಬರದ್ದು ಬ್ರೂನೆಕ್‌ನಲ್ಲಿ ಇರುವ ದಂಪತಿಗೆ ಬ್ರಿಕ್ಸನ್ ಬಿಟ್ಟರೆ ಬೇರೆ ಊರು ಹುಡುಕುವುದು ವ್ಯರ್ಥ. ಬ್ರೂನೆಕ್ ಕಡೆಗೆ ಹೋಗುವವರು ಫ್ರಾನ್ಟ್ಸೆನ್ಸ್‌ಫೆಸ್ಟೆಯಲ್ಲಿ ರೈಲು ಬದಲಿಸಬೇಕು. ಅದನ್ನು ತಪ್ಪಿಸಿ ನೇರ ಜೋಡಿಸುವ ರಿಗ್ಗರ್ ಕಣಿವೆಯ ಹೊಸ ಹಳಿಯ ಕೆಲಸದಿಂದಾಗಿ ಆ ಮಾರ್ಗ ತಿಂಗಳುಗಟ್ಟಲೆ ಮುಚ್ಚಿ ಬದಲಿ ಬಸ್ ಓಡಿಸುವುದುಂಟು. ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆ ಆ ವರ್ಷದ ವೇಳಾಪಟ್ಟಿ ತೆರೆದು, ಬೆಳಿಗ್ಗೆ ಏಳರ ಸುಮಾರಿಗೆ ಓಡುವುದು ರೈಲೋ ಬಸ್ಸೋ ನೋಡಿಕೊಳ್ಳಿ.